ಮೇಲಿನ ಹುಲ್ಲು, ಕೆಳಗಿನ ನೆರೆ: ಕರ್ಮಫಲದ ಒಂದು ತೊಡಕು

ಕರ್ಮಸಿದ್ಧಾಂತವನ್ನು ಒಪ್ಪಿದ ಭಾರತೀಯ ದಾರ್ಶನಿಕರ ನಡುವೆ ಎಷ್ಟೇ ಭಿನ್ನಮತಗಳಿದ್ದರೂ, ಎರಡು ದೋಷಗಳು ತಮ್ಮ ಸಿದ್ಧಾಂತಕ್ಕೆ ತಗಲಬಾರದು ಎಂಬಲ್ಲಿ ಅವರೆಲ್ಲ ಒಂದಾಗುತ್ತಾರೆ. ಮೊದಲನೆಯದು ಕೃತನಾಶ, ಅಂದರೆ ಮಾಡಿದ ಕೆಲಸ ಫಲವನ್ನೇ ಕೊಡದೆ ಅಳಿದುಹೋಗುವುದು. ಎರಡನೆಯದು ಅಕೃತಾಭ್ಯಾಗಮ, ಅಂದರೆ ತಾನು ಮಾಡದ ಕೆಲಸದ ಫಲ ತನ್ನ ಮೇಲೆ ಬಂದೆರಗುವುದು. ಇವಕ್ಕೆ ಎಡೆಗೊಟ್ಟರೆ ಲೋಕದ ನೈತಿಕ ವ್ಯವಸ್ಥೆಯೇ ಕುಸಿಯುತ್ತದೆ ಎಂಬುದು ಅವರ ವಾದ. ಜನ್ಮಾಂತರವನ್ನು ಸಮರ್ಥಿಸುವುದಕ್ಕೂ ಆತ್ಮದ ನಿತ್ಯತ್ವವನ್ನು ಸಾಧಿಸುವುದಕ್ಕೂ ಇದೇ ವಾದ ಬಳಕೆಯಾಗಿದೆ, ಆತ್ಮವನ್ನು ಕ್ಷಣಿಕ ವಿಜ್ಞಾನಗಳ ಸರಣಿಯೆಂದ ಬೌದ್ಧರ ಮೇಲೆ ವೈದಿಕರು ಹೊರಿಸಿದ ದೊಡ್ಡ ಆಕ್ಷೇಪವೂ ಇದೇ. ಆದರೆ ಇಳಿಜಾರಿನ ನೆಲದ ಮೇಲೆ ಸುರಿಯುವ ಮಳೆಯ ಮಟ್ಟಿಗೆ ಈ ಎರಡೂ ದೋಷಗಳು ಪ್ರತಿ ಮಳೆಗಾಲದ ಸಂಗತಿಗಳು. ಗುಡ್ಡದ ಒಡೆಯ ತನ್ನ ಹುಲ್ಲನ್ನು ಬುಡದವರೆಗೆ ಮೇಯಿಸಿಬಿಟ್ಟರೆ ನೆರೆ ನುಗ್ಗುವುದು ಕಣಿವೆಯಲ್ಲಿರುವವನ ಮನೆಗೆ. ಅದೇ ಹುಲ್ಲನ್ನು ಅವನು ಜತನದಿಂದ ಕಾಪಾಡಿದರೆ ನೆಮ್ಮದಿಯಿಂದ ನಿದ್ರಿಸುವವನೂ ಆ ಕಣಿವೆಯವನೇ. ಹೀಗಿರುವಾಗ ಮೇಲಿನವನು ಹುಲ್ಲನ್ನು ಕಾಪಾಡಬೇಕಾದದ್ದು ಯಾವ ಕಾರಣಕ್ಕೆ ಎಂಬ ಪ್ರಶ್ನೆಯನ್ನು ಕೃಷಿಶಾಸ್ತ್ರವೊಂದೇ ಬಗೆಹರಿಸಲಾರದು. ಅದು ಧರ್ಮಜಿಜ್ಞಾಸೆಗೂ ಸೇರಿದ ಪ್ರಶ್ನೆ.

ಹುಲ್ಲಿಗೂ ನೆರೆಗೂ ಇರುವ ನಂಟನ್ನು ಮೊದಲು ತಿಳಿಯಬೇಕು. ಒಂದು ಹೊಳೆಗೆ ಯಾವ ಯಾವ ನೆಲದ ಮಳೆನೀರು ಹರಿದು ಬಂದು ಸೇರುತ್ತದೆಯೋ ಆ ನೆಲವನ್ನೆಲ್ಲ ಒಟ್ಟಾಗಿ ಆ ಹೊಳೆಯ ಜಲಾನಯನ ಪ್ರದೇಶ ಎನ್ನುತ್ತಾರೆ. ಅಲ್ಲಿ ಬಿದ್ದ ಮಳೆಯಲ್ಲಿ ಒಂದು ಪಾಲು ಮಣ್ಣಿಗೆ ಇಂಗುತ್ತದೆ, ಇಂಗದ ಪಾಲು ನೆಲದ ಮೇಲೆ ಹರಿಯುತ್ತದೆ. ಈ ಮೇಲ್ಹರಿವು ಎಷ್ಟು ಎಂಬುದರ ಜೊತೆಗೆ ಎಷ್ಟು ಬೇಗ ಹೊಳೆಯನ್ನು ಮುಟ್ಟುತ್ತದೆ ಎಂಬುದೂ ನೆರೆಯ ಎತ್ತರವನ್ನು ನಿರ್ಧರಿಸುತ್ತದೆ. ದಟ್ಟವಾದ ಹುಲ್ಲು ಹನಿಯ ಹೊಡೆತವನ್ನು ತನ್ನ ಗರಿಗಳ ಮೇಲೆ ತಾಳಿಕೊಳ್ಳುತ್ತದೆ, ಹರಿಯುವ ನೀರಿಗೆ ಸಾವಿರ ಕಡೆ ಅಡ್ಡ ನಿಂತು ಅದರ ಓಟವನ್ನು ತಡೆಯುತ್ತದೆ, ಹಳೆಯ ಬೇರುಗಳು ಕೊಳೆತ ಜಾಗದಲ್ಲಿ ಉಳಿದ ಸಣ್ಣ ಕೊಳವೆಗಳ ಮೂಲಕವೂ ಎರೆಹುಳು ಕೊರೆದ ದಾರಿಗಳ ಮೂಲಕವೂ ನೀರನ್ನು ಒಳಕ್ಕೆ ಕಳಿಸುತ್ತದೆ. ಮಿತಿಮೀರಿ ಮೇಯಿಸಿದಲ್ಲಿ ಇದೆಲ್ಲವೂ ಹಿಂದುಮುಂದಾಗುತ್ತದೆ: ಎಲೆ ಕಳೆದುಕೊಂಡ ಗಿಡ ಬೇರನ್ನು ಪೋಷಿಸಲಾರದೆ ಬೇರು ಗಿಡ್ಡವಾಗುತ್ತದೆ, ಹಸಿ ಮಣ್ಣನ್ನು ಗೊರಸು ತುಳಿದು ಬಿಗಿಗೊಳಿಸುತ್ತದೆ, ಬರಿನೆಲಕ್ಕೆ ಹನಿ ಬಡಿದು ಎದ್ದ ನುಣ್ಣನೆಯ ಕಣಗಳು ರಂಧ್ರಗಳನ್ನು ಮುಚ್ಚಿ ಮೇಲ್ಪದರ ಹೆಕ್ಕಳೆಗಟ್ಟುತ್ತದೆ. ಇಲ್ಲಿ ದನವನ್ನೇ ಶತ್ರುವೆಂದು ಕಾಣಬೇಕಾಗಿಲ್ಲ. ಮೇಯಿಸುವಿಕೆಯೂ ಬೆಂಕಿಯೂ ಎರಡೂ ಇಲ್ಲದ ಹುಲ್ಲುಗಾವಲು ಅನೇಕ ಕಡೆ ಕೆಲವೇ ವರ್ಷಗಳಲ್ಲಿ ಪೊದೆಗಳ ಪಾಲಾಗುತ್ತದೆ. ಗಾವಲನ್ನು ತುಂಡುಗಳಾಗಿ ವಿಂಗಡಿಸಿ, ಒಂದರಲ್ಲಿ ಮೇಯಿಸುವಾಗ ಉಳಿದವಕ್ಕೆ ಚಿಗುರಲು ಬಿಡುವು ಕೊಡುವ ಸರದಿ ಮೇಯಿಸುವಿಕೆಯ ಹಿಂದಿರುವುದು ಈ ತಿಳಿವಳಿಕೆಯೇ.

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ನೈಋತ್ಯ ಭಾಗದಲ್ಲಿರುವ ಕೂನ್ ಕ್ರೀಕ್ ಎಂಬ ಹೊಳೆಯ ಚರಿತ್ರೆಯಲ್ಲಿ, ಮೇಲಿನವನು ಹುಲ್ಲನ್ನು ಏಕೆ ಕಾಪಾಡಬೇಕು ಎಂಬ ಪ್ರಶ್ನೆ ಎದ್ದಷ್ಟು ಸ್ಪಷ್ಟವಾಗಿ ಬೇರೆಡೆ ಎದ್ದಿರುವುದು ಅಪರೂಪ. ಮಿಸಿಸಿಪ್ಪಿ ನದಿಯನ್ನು ಸೇರುವ ಈ ಹೊಳೆಯ ಸುತ್ತಲಿನ ಸೀಮೆಯನ್ನು ಹಿಮಯುಗದ ಹಿಮರಾಶಿಗಳು ಸವರಿ ಸಮತಟ್ಟು ಮಾಡಲಿಲ್ಲ. ಆದ್ದರಿಂದ ಅಲ್ಲಿ ಏಣುಗಳು, ಕಡಿದಾದ ಇಳಿಜಾರುಗಳು, ಇಕ್ಕಟ್ಟಿನ ಕಣಿವೆಗಳು ಹಾಗೆಯೇ ಉಳಿದಿವೆ. ಮೂಲನಿವಾಸಿಗಳಾದ ಹೋ-ಚಂಕ್ ಜನ ಬೆಂಕಿಯನ್ನು ಬಳಸಿ ಹುಲ್ಲುಗಾವಲನ್ನು ತೆರೆದಿಟ್ಟುಕೊಂಡಿದ್ದ ಈ ನೆಲಕ್ಕೆ 19ನೆಯ ಶತಮಾನದಲ್ಲಿ ನಾರ್ವೆ ಮೊದಲಾದ ದೇಶಗಳ ವಲಸೆಗಾರರು ಬಂದು, ಮೊದಲು ಗೋಧಿಯನ್ನೂ ಆಮೇಲೆ ಹೈನುಗಾರಿಕೆಯನ್ನೂ ಹಿಡಿದರು. ಏಣಿನ ನೆತ್ತಿಯನ್ನೂ ಕಣಿವೆಯ ತಳವನ್ನೂ ಉತ್ತರು, ನಡುವಿನ ಕಡಿದಾದ ಇಳಿಜಾರಿಗೆ ಹಸುಗಳನ್ನು ಬಿಟ್ಟರು. ಎರಡು ತಲೆಮಾರು ಕಳೆಯುವಷ್ಟರಲ್ಲಿ ಇಳಿಜಾರುಗಳಲ್ಲಿ ಆಳವಾದ ಕೊರಕಲುಗಳು ಬಿದ್ದವು, ಬೇಸಿಗೆಯ ಮಳೆ ಒಮ್ಮೆಲೇ ಕೆಳಗಿಳಿಯತೊಡಗಿತು, ಕಣಿವೆಯ ಫಲವತ್ತಾದ ತಳ ಮೇಲಿನಿಂದ ಬಂದ ಹೂಳಿನ ಕೆಳಗೆ ಹೂತುಹೋಯಿತು. ಮಣ್ಣು ಸವಕಳಿಯ ವಿರುದ್ಧ ಜೀವಮಾನವಿಡೀ ಹೋರಾಡಿದ ಹ್ಯೂ ಹ್ಯಾಮಂಡ್ ಬೆನೆಟ್ ಮುಖ್ಯಸ್ಥನಾಗಿದ್ದ ಕೇಂದ್ರ ಸರ್ಕಾರದ ಮಣ್ಣು ಸವಕಳಿ ಸೇವೆಯು 1933ರಲ್ಲಿ ದೇಶದ ಮೊದಲ ಜಲಾನಯನ ಪ್ರಾತ್ಯಕ್ಷಿಕೆಗೆ ಆರಿಸಿಕೊಂಡದ್ದು ಇದೇ ಕಣಿವೆಯನ್ನು.

ಅಲ್ಲಿ ನಡೆದ ಕೆಲಸದಲ್ಲಿ ಯಂತ್ರಕೌಶಲಕ್ಕಿಂತ ಒಪ್ಪಂದದ ಪಾತ್ರ ದೊಡ್ಡದು. ರೈತ ಐದು ವರ್ಷಗಳ ಕರಾರಿಗೆ ಸಹಿ ಹಾಕಿ, ಅತಿ ಕಡಿದಾದ ಇಳಿಜಾರಿಗೆ ಬೇಲಿ ಹಾಕಿ ದನ ಬಿಡುವುದನ್ನು ನಿಲ್ಲಿಸಬೇಕಿತ್ತು, ಉಳುಮೆಯ ನೆಲದಲ್ಲಿ ಇಳಿಜಾರಿಗೆ ಅಡ್ಡಲಾಗಿ ಮೆಕ್ಕೆಜೋಳದ ಪಟ್ಟೆಯೊಂದು, ಹುಲ್ಲು ಅಥವಾ ಕುದುರೆ ಮಸಾಲೆ ಮೇವಿನ ಪಟ್ಟೆಯೊಂದು ಹೀಗೆ ಸರದಿಯಲ್ಲಿ ಬೆಳೆಯಬೇಕಿತ್ತು. ಅದಕ್ಕೆ ಪ್ರತಿಯಾಗಿ ಸರ್ಕಾರ ಬೀಜ, ಸುಣ್ಣ, ಗೊಬ್ಬರ, ಬೇಲಿಯ ಸಾಮಗ್ರಿ ಕೊಡುತ್ತಿತ್ತು, ನಿರುದ್ಯೋಗಿ ಯುವಕರ ಶಿಬಿರಗಳಿಂದ ಆಳುಗಳನ್ನೂ ಒದಗಿಸುತ್ತಿತ್ತು. ಕೆಳಗಿನವನಿಗೆ ಉಪಕಾರವಾಗುವ ಕೆಲಸಕ್ಕೆ ಮೇಲಿನವನನ್ನು ಒಪ್ಪಿಸಲು ಸಿಕ್ಕ ಉಪಾಯ ಇದು, ಮತ್ತು ಕಣ್ಣಿಗೆ ಕಾಣುವಂತೆ ಅದು ಗೆದ್ದಿತು: ಮುಂದಿನ ದಶಕಗಳಲ್ಲಿ ಕಣಿವೆಯ ತಳದಲ್ಲಿ ಹೂಳು ಕೂಡುವ ವೇಗ 1930ರ ದಶಕದ ವೇಗದ ಅಲ್ಪ ಭಾಗಕ್ಕೆ ಇಳಿಯಿತೆಂದು ಭೂಗೋಳಜ್ಞ ಸ್ಟ್ಯಾನ್ಲಿ ಟ್ರಿಂಬಲ್ ದೀರ್ಘಕಾಲದ ಅಳತೆಗಳಿಂದ ತೋರಿಸಿಕೊಟ್ಟಿದ್ದಾನೆ.

ಆ ಯೋಜನೆಯನ್ನು ಹತ್ತಿರದಿಂದ ಕಂಡು 1935ರಲ್ಲಿ ಅದರ ಬಗ್ಗೆ ಮೆಚ್ಚಿ ಬರೆದವನು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಆಲ್ಡೊ ಲಿಯೊಪೋಲ್ಡ್. ಆದರೆ ಅವನ ಮರಣಾನಂತರ 1949ರಲ್ಲಿ ಪ್ರಕಟವಾದ ‘ಎ ಸ್ಯಾಂಡ್ ಕೌಂಟಿ ಆಲ್ಮನಾಕ್’ ಗ್ರಂಥದ ಭೂನೀತಿಯನ್ನು ಕುರಿತ ಪ್ರಬಂಧದಲ್ಲಿ ಆ ಮೆಚ್ಚುಗೆಯ ಜಾಗದಲ್ಲಿ ಸಂದೇಹವಿದೆ. ತಮಗೆ ತಕ್ಷಣ ಲಾಭ ತಂದ ಪದ್ಧತಿಗಳನ್ನು ಮಾತ್ರ ರೈತರು ಕರಾರಿನ ಅವಧಿ ಮುಗಿದ ಮೇಲೂ ಉಳಿಸಿಕೊಂಡರು, ಸಮುದಾಯಕ್ಕೆ ಒಳಿತಾಗಿ ತಮಗೆ ನೇರ ಲಾಭವಿಲ್ಲದವನ್ನು ಕೈಬಿಟ್ಟರು ಎಂದು ಅವನು ಗಮನಿಸುತ್ತಾನೆ. ನೆಲದ ಬಳಕೆಗೆ ರೈತರು ತಾವೇ ನಿಯಮಗಳನ್ನು ಬರೆದುಕೊಳ್ಳಬಹುದೆಂದು ರಾಜ್ಯ 1937ರಲ್ಲಿ ಕಾನೂನು ಮಾಡಿಕೊಟ್ಟರೂ ಹೆಚ್ಚುಕಡಿಮೆ ಹತ್ತು ವರ್ಷ ಯಾವ ಜಿಲ್ಲೆಯೂ ಒಂದೇ ಒಂದು ನಿಯಮವನ್ನೂ ಬರೆಯಲಿಲ್ಲ ಎನ್ನುತ್ತಾನೆ. ಕಡಿದಾದ ಇಳಿಜಾರಿನ ಕಾಡು ಕಡಿದು, ಅಲ್ಲಿ ಹಸು ಮೇಯಿಸಿ, ಮಳೆಯನ್ನೂ ಕಲ್ಲನ್ನೂ ಮಣ್ಣನ್ನೂ ಊರ ಹೊಳೆಗೆ ಸುರಿಯುವವನು ಉಳಿದ ನಡತೆಯಲ್ಲಿ ಸಭ್ಯನಾಗಿದ್ದರೆ ಸಾಕು, ಊರಿನ ಮರ್ಯಾದಸ್ಥರ ಸಾಲಿನಲ್ಲಿಯೇ ಉಳಿಯುತ್ತಾನೆ ಎಂಬುದು ಅವನ ಕಹಿಯಾದ ಆಕ್ಷೇಪ. ಇದಕ್ಕೆ ಅವನು ಕೊಟ್ಟ ಉತ್ತರ ನೈತಿಕ ಸಮುದಾಯದ ಎಲ್ಲೆಯನ್ನೇ ಹಿಗ್ಗಿಸಿ ಮಣ್ಣು, ನೀರು, ಗಿಡ, ಪ್ರಾಣಿಗಳನ್ನು ಅದರೊಳಗೆ ತರುವುದು. ಈ ಉತ್ತರ ಉದಾರವಾದದ್ದು ನಿಜ. ಆದರೆ ಸದಸ್ಯತ್ವ ಒಪ್ಪಿಕೊಂಡ ಮಾತ್ರಕ್ಕೆ ಕರ್ತವ್ಯ ಹುಟ್ಟುವುದು ಹೇಗೆ ಎಂಬುದನ್ನು ಅದು ಪೂರ್ತಿಯಾಗಿ ಹೇಳುವುದಿಲ್ಲ, ಮತ್ತು ಆ ಕೊರತೆಯನ್ನು ತುಂಬಬಲ್ಲ ಸಾಮಗ್ರಿ ಭಾರತೀಯ ಚಿಂತನೆಯಲ್ಲಿ ಹೇರಳವಾಗಿದೆ.

ಆ ಕೊರತೆಯನ್ನು ತುಂಬಲು ಹೊರಟಾಗ ಎದುರಾಗುವ ಮೊದಲ ಕಷ್ಟ ಜ್ಞಾನಕ್ಕೆ ಸಂಬಂಧಿಸಿದ್ದು. ಹುಲ್ಲಿನಿಂದ ಆಗುವ ಉಪಕಾರವೆಂದರೆ ನೆರೆ ಬಾರದಿರುವುದು, ಅಂದರೆ ಒಂದು ಅಭಾವ. ನ್ಯಾಯ-ವೈಶೇಷಿಕರು ಅಭಾವವನ್ನು ಸ್ವತಂತ್ರ ಪದಾರ್ಥವೆಂದು ಎಣಿಸಿ ಅದನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು. ಅವುಗಳಲ್ಲಿ ವಸ್ತು ಹುಟ್ಟುವ ಮುನ್ನ ಇರುವ ಅದರ ಇಲ್ಲದಿರುವಿಕೆಗೆ ಪ್ರಾಗಭಾವ ಎಂದು ಹೆಸರು. ಬರಬಹುದಾಗಿದ್ದು ಬಾರದ ನೆರೆಯನ್ನು, ಮುಗಿಯಬೇಕಾಗಿದ್ದ ಪ್ರಾಗಭಾವವೊಂದು ಮುಂದುವರಿದ ಸ್ಥಿತಿ ಎನ್ನಬಹುದು. ಭಾಟ್ಟ ಮೀಮಾಂಸಕರು ಅಭಾವವನ್ನು ತಿಳಿಯುವುದಕ್ಕೆಂದೇ ಅನುಪಲಬ್ಧಿ ಎಂಬ ಪ್ರಮಾಣವನ್ನು ಒಪ್ಪಿದರು, ಆದರೆ ಅದಕ್ಕೊಂದು ಕಟ್ಟುಪಾಡು ಇಟ್ಟರು: ವಸ್ತು ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎಂಬ ಸನ್ನಿವೇಶದಲ್ಲಿ ಮಾತ್ರ ಕಾಣದಿರುವಿಕೆ ಸಾಕ್ಷಿಯಾಗುತ್ತದೆ. ಹೊಳೆಯಲ್ಲಿ ನೆರೆಯಿಲ್ಲ ಎಂಬುದು ಹೀಗೆ ಯಾರಿಗೂ ತಿಳಿಯುತ್ತದೆ. ಹುಲ್ಲಿನಿಂದಾಗಿ ನೆರೆಯಿಲ್ಲ ಎಂಬುದು ಹೀಗೆ ತಿಳಿಯುವುದಿಲ್ಲ. ಅದಕ್ಕೆ ‘ಹುಲ್ಲು ಇಲ್ಲದಿದ್ದರೆ ನೆರೆ ಬರುತ್ತಿತ್ತು’ ಎಂಬ ರೂಪದ ಊಹಾಪೋಹ ಬೇಕು, ನೈಯಾಯಿಕರು ಇದನ್ನೇ ತರ್ಕ ಎಂದು ಕರೆದು, ಅದು ತಾನೇ ಪ್ರಮಾಣವಲ್ಲದಿದ್ದರೂ ಪ್ರಮಾಣಕ್ಕೆ ಸಹಾಯಕ ಎಂದರು. ಇಂದಿನ ಜಲವಿಜ್ಞಾನಿಗಳು ಒಂದನ್ನೊಂದು ಹೋಲುವ ಎರಡು ಸಣ್ಣ ಜಲಾನಯನಗಳನ್ನು ಆರಿಸಿ, ಒಂದರಲ್ಲಿ ಮಾತ್ರ ಬಳಕೆಯನ್ನು ಬದಲಿಸಿ, ಎರಡರ ಹರಿವನ್ನೂ ವರ್ಷಗಟ್ಟಲೆ ಅಳೆಯುವುದು ಈ ತರ್ಕವನ್ನು ಪ್ರಯೋಗಕ್ಕೆ ಇಳಿಸಿದ ಬಗೆಯೇ. ಆದರೂ ಇಂಥ ಅಳತೆ ತಿಳಿಸುವುದು ಸರಾಸರಿಯನ್ನು. ಇಂಥ ರೈತನ ಇಂಥ ಗಾವಲು ಇಂಥವನ ಮನೆಯನ್ನು ಉಳಿಸಿತೆಂದು ಬೆರಳಿಟ್ಟು ತೋರಿಸುವುದು ಅದರ ಅಳವಲ್ಲ. ಕೃತಜ್ಞತೆಗೂ ಇಲ್ಲಿ ವಿಳಾಸವಿಲ್ಲ, ದೂರಿಗೂ ಇಲ್ಲ.

ಅಮೆರಿಕದ ಶಾಸನಕರ್ತರು ಈ ವಿಳಾಸವಿಲ್ಲದ ಫಲವನ್ನು ತಮ್ಮದೇ ರೀತಿಯಲ್ಲಿ ನಿಭಾಯಿಸಿದರು. 1936ರ ಜೂನ್ 22ರಂದು ಜಾರಿಗೆ ಬಂದ ನೆರೆ ನಿಯಂತ್ರಣ ಕಾಯಿದೆಯು ನೆರೆಯನ್ನು ತಡೆಯುವುದು ರಾಷ್ಟ್ರದ ಹೊಣೆಯೆಂದು ಸಾರಿ, ಪ್ರಯೋಜನ ಯಾರಿಗೇ ದೊರೆಯಲಿ, ಒಟ್ಟು ಪ್ರಯೋಜನವು ವೆಚ್ಚವನ್ನು ಮೀರುವುದಾದರೆ ಸರ್ಕಾರ ಕೈಹಾಕಬೇಕು ಎಂಬ ಅಳತೆಗೋಲನ್ನು ಇಟ್ಟಿತು. ನದಿಗಳ ಮೇಲಿನ ಕಾಮಗಾರಿ ಸೇನೆಯ ಎಂಜಿನಿಯರುಗಳಿಗೆ ಸೇರಿದರೆ, ಮೇಲಣ ಜಲಾನಯನಗಳಲ್ಲಿ ನೀರಿನ ಓಟವನ್ನೂ ಸವಕಳಿಯನ್ನೂ ತಗ್ಗಿಸುವ ಕೆಲಸ ಕೃಷಿ ಇಲಾಖೆಗೆ ಸೇರಿತು. ಯಾರು ಮಾಡಿದರು, ಯಾರು ಉಂಡರು ಎಂಬ ಲೆಕ್ಕವನ್ನು ಬದಿಗಿಟ್ಟು ಮೊತ್ತವನ್ನು ಮಾತ್ರ ನೋಡುವ ಈ ಅಳತೆಗೋಲು ಆಡಳಿತಕ್ಕೆ ಅನುಕೂಲ, ನೀತಿಗೆ ಅರೆಬರೆ. ಮೊತ್ತ ದೊಡ್ಡದಾಗಿದ್ದರೆ ಒಬ್ಬನ ಅಕೃತಾಭ್ಯಾಗಮ ಅದರಲ್ಲಿ ಕರಗಿಹೋಗುತ್ತದೆ. ವ್ಯಕ್ತಿಯ ಹೊಣೆಯನ್ನು ಹಿಡಿದು ಕೇಳಬೇಕಾದ ನ್ಯಾಯಾಲಯಗಳೂ ಬಹುಕಾಲ ಹಿಂಜರಿದವು: ನೆಲದ ಮೇಲೆ ಹರಡಿ ಹರಿಯುವ ಮಳೆನೀರು ಎಲ್ಲರಿಗೂ ಸಮಾನ ಶತ್ರು, ಅದನ್ನು ತನ್ನ ನೆಲದಿಂದ ಹೇಗಾದರೂ ಆಚೆ ತಳ್ಳುವುದು ಒಡೆಯನ ಹಕ್ಕು ಎಂಬ ಹಳೆಯ ನಿಯಮ ವಿಸ್ಕಾನ್ಸಿನ್‌ನಲ್ಲಿ 1974ರವರೆಗೂ ಉಳಿದಿತ್ತು, ಗುಡ್ಡದ ಮೇಲಿನ ಕಾಮಗಾರಿಯಿಂದ ಕೊಚ್ಚಿಬಂದ ಮರಳು ರಸ್ತೆಗಳನ್ನೂ ಸರೋವರವನ್ನೂ ತುಂಬಿದ ಪ್ರಕರಣವೊಂದರಲ್ಲಿ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಅದನ್ನು ತೊರೆದು ಯುಕ್ತಬಳಕೆಯ ತತ್ತ್ವವನ್ನು ಹಿಡಿಯಿತು. ಭಾರತದ 1882ರ ಸರಾಗ ಹಕ್ಕುಗಳ (ಈಸ್‌ಮೆಂಟ್) ಕಾಯಿದೆಯ 7ನೆಯ ಪ್ರಕರಣವು ಮೇಲಿನ ನೆಲದ ನೀರು ಸಹಜವಾಗಿ ಕೆಳಗಿನ ನೆಲಕ್ಕೆ ಹರಿಯಲು ಬಿಡಬೇಕೆಂಬುದನ್ನು ಮೇಲಿನವನ ಹಕ್ಕಾಗಿ ಉದಾಹರಿಸುತ್ತದೆ. ಹುಲ್ಲು ಕಳೆದುಕೊಂಡ ಗುಡ್ಡದ ಹರಿವು ಎಷ್ಟರಮಟ್ಟಿಗೆ ಸಹಜ ಎಂಬ ಪ್ರಶ್ನೆಗೆ ಈ ಉದಾಹರಣೆಯಲ್ಲಿ ಉತ್ತರವಿಲ್ಲ.

ಮಳೆ, ಗುಡ್ಡ, ಹುಲ್ಲು, ದನ ಮತ್ತು ಕರ್ಮಫಲ ಇಷ್ಟನ್ನೂ ಒಂದೇ ಕಡೆ ತಂದು ಚರ್ಚಿಸುವ ಭಾರತೀಯ ಆಖ್ಯಾನವೆಂದರೆ ಭಾಗವತದ ದಶಮಸ್ಕಂಧದಲ್ಲಿ ಬರುವ ಗೋವರ್ಧನೋದ್ಧಾರ. ಹಳೇಬೀಡಿನ ಗೋಡೆಯ ಮೇಲೆ ಶಿಲ್ಪವಾಗಿ, ದೀಪಾವಳಿಯಲ್ಲಿ ಸಗಣಿಯ ಗೋವರ್ಧನವಾಗಿ ಕನ್ನಡ ನಾಡಿಗೆ ಪರಿಚಿತವಾದ ಈ ಕಥೆಯನ್ನು ಸಾಮಾನ್ಯವಾಗಿ ಪವಾಡವೆಂದು ಓದಿ ಮುಂದೆ ಸಾಗುವುದುಂಟು, ಆದರೆ ಪವಾಡಕ್ಕೆ ಮುನ್ನ ಅಲ್ಲೊಂದು ವಾದವಿದೆ. ಇಂದ್ರಪೂಜೆಗೆ ಸಿದ್ಧನಾದ ನಂದನಿಗೆ ಬಾಲಕ ಕೃಷ್ಣ ಹೇಳುವುದು ಅಪ್ಪಟ ಕರ್ಮವಾದ: ಪ್ರಾಣಿಗಳ ಹುಟ್ಟು, ಸಾವು, ಸುಖ, ದುಃಖಗಳೆಲ್ಲ ಅವುಗಳ ಕರ್ಮದಿಂದಲೇ ಆಗುವುದಾದರೆ, ಮೋಡಗಳು ರಜೋಗುಣದ ಪ್ರೇರಣೆಯಿಂದ ತಾವಾಗಿಯೇ ಸುರಿಯುವುದಾದರೆ, ಇಂದ್ರನಿಗೆ ಇಲ್ಲೇನು ಕೆಲಸ? ಪಟ್ಟಣವೂ ಸೀಮೆಯೂ ಇಲ್ಲದ ಗೋಪಾಲಕರು ಪೂಜಿಸಬೇಕಾದದ್ದು ಗೋವುಗಳನ್ನೂ ಬ್ರಾಹ್ಮಣರನ್ನೂ ತಮ್ಮ ಗುಡ್ಡವನ್ನೂ ಎಂದು ಅವನು ಮುಗಿಸುತ್ತಾನೆ. ನೀರು, ಮೆತ್ತನೆಯ ಹುಲ್ಲು, ಗುಹೆ, ಗೆಡ್ಡೆಗೆಣಸು ಇವುಗಳಿಂದ ಗೋವುಗಳನ್ನೂ ಗೋಪಾಲಕರನ್ನೂ ಸತ್ಕರಿಸುವ ಗುಡ್ಡವೆಂದು ಅದೇ ಗ್ರಂಥ ಹಿಂದೆಯೇ ಗೋವರ್ಧನವನ್ನು ಹೊಗಳಿದೆ. ಆದರೆ ಕೋಪಗೊಂಡ ಇಂದ್ರನ ಮಳೆ ಸುರಿದಾಗ ಗೋಕುಲವನ್ನು ಉಳಿಸಿದ್ದು ಯಾರೊಬ್ಬರ ಕರ್ಮವೂ ಅಲ್ಲ. ಏಳು ದಿನ ಎಲ್ಲರೂ, ದನಕರುಗಳೂ ಸೇರಿ, ಒಂದೇ ಗುಡ್ಡದ ಅಡಿಯಲ್ಲಿ ನಿಂತರು. ಪೂಜೆ ಮಾಡಿದವನಿಗೆ ಒಳಗೆ ಜಾಗ, ಮಾಡದವನಿಗೆ ಹೊರಗೆ ಎಂಬ ಭೇದ ಅಲ್ಲಿ ಕಾಣುವುದಿಲ್ಲ. ಅವರವರ ಕರ್ಮ ಅವರವರಿಗೆ ಎಂಬ ಮಾತಿನಿಂದ ಆರಂಭವಾದ ಪ್ರಸಂಗ, ಆ ಮಾತು ಸಾಲದೆ ಹೋಗುವ ಸನ್ನಿವೇಶದಲ್ಲಿ ಮುಗಿಯುತ್ತದೆ ಎಂಬುದನ್ನು ವ್ಯಾಖ್ಯಾನಗಳು ಇನ್ನಷ್ಟು ಒತ್ತಿ ಹೇಳಬಹುದಿತ್ತು.

ಫಲದ ಆಸೆಯಿಂದ ಹೊರಟ ವಾದ ಇಲ್ಲಿ ಸೋಲುತ್ತದೆ ಎಂದಾದರೆ, ಫಲವನ್ನೇ ಆಧಾರವಾಗಿ ಇಟ್ಟುಕೊಳ್ಳದ ಕರ್ತವ್ಯದ ಪರಿಕಲ್ಪನೆಯೊಂದು ಬೇಕು. ಮೀಮಾಂಸೆಯಲ್ಲಿ ಅದು ಸಿದ್ಧವಾಗಿಯೇ ಇದೆ. ಸ್ವರ್ಗ, ಮಳೆ, ಪುತ್ರಪ್ರಾಪ್ತಿ ಮೊದಲಾದ ಬಯಕೆಯಿಂದ ಮಾಡುವುದು ಕಾಮ್ಯಕರ್ಮ. ಬಯಕೆ ಹೋದರೆ ಮಾಡುವ ಅಗತ್ಯವೂ ಹೋಗುತ್ತದೆ. ಸಂಧ್ಯಾವಂದನೆಯಂಥದು ನಿತ್ಯಕರ್ಮ; ಮಾಡಿದರೆ ವಿಶೇಷ ಫಲವಿಲ್ಲ, ಬಿಟ್ಟರೆ ಪ್ರತ್ಯವಾಯ, ಅಂದರೆ ದೋಷ ತಗಲುತ್ತದೆ ಎಂದು ಅದನ್ನು ಪ್ರಚಲಿತವಾಗಿ ವಿವರಿಸುತ್ತಾರೆ. ಗುಡ್ಡದ ಹುಲ್ಲನ್ನು ಕಾಯುವುದರ ಸ್ವರೂಪ ಇದಕ್ಕೆ ಎಷ್ಟು ಹತ್ತಿರವಾದದ್ದೆಂದರೆ, ಕಾದವನಿಗೆ ಹೆಸರಿಸಬಲ್ಲ ಗಳಿಕೆಯಿಲ್ಲ, ಬಿಟ್ಟರೆ ಕೇಡು ಖಚಿತ. ಶಂಕರರು ಈ ವಿವರಣೆಗೆ ಎತ್ತಿದ ಆಕ್ಷೇಪ ಪ್ರಸಿದ್ಧವಾದದ್ದು: ಮಾಡದಿರುವುದು ಅಭಾವ, ಅಭಾವದಿಂದ ಭಾವರೂಪದ ಪಾಪ ಹುಟ್ಟುವುದಾದರೂ ಹೇಗೆ? ನೆಲದ ವಿಷಯದಲ್ಲಿ ಈ ಆಕ್ಷೇಪಕ್ಕೆ ಒಂದು ಸಮಾಧಾನ ಹೇಳಬಹುದು. ಗುಡ್ಡದ ಒಡೆಯನಿಗೆ ಏನನ್ನೂ ಮಾಡದಿರುವ ಆಯ್ಕೆಯೇ ಇಲ್ಲ. ಹುಲ್ಲನ್ನು ಕಾಯದಿದ್ದಾಗ ಅವನು ಸುಮ್ಮನಿರುವುದಿಲ್ಲ, ಮೇಯಿಸುತ್ತಿರುತ್ತಾನೆ, ಉಳುತ್ತಿರುತ್ತಾನೆ, ಮಾರುತ್ತಿರುತ್ತಾನೆ. ಕೆಳಗಿನ ನೆರೆಗೆ ಕಾರಣವಾಗುವುದು ಅವನ ಅಕರಣವಲ್ಲ, ಕಾಯುವ ಜಾಗದಲ್ಲಿ ಅವನು ಮಾಡಿದ ಇನ್ನೊಂದು ಕೆಲಸ.

ನಿತ್ಯಕರ್ಮವೆಂದ ಮೇಲೆ ಅದಕ್ಕೊಂದು ವಿಧಿ ಬೇಕು, ಆ ವಿಧಿಗೆ ನೆಲೆ ಬೇಕು. ತೈತ್ತಿರೀಯ ಸಂಹಿತೆಯಲ್ಲಿ ಬರುವ ಋಣದ ಕಲ್ಪನೆ ಆ ನೆಲೆಯಾಗಬಲ್ಲದು: ಹುಟ್ಟುತ್ತಲೇ ಬ್ರಾಹ್ಮಣ ಋಷಿಗಳಿಗೆ, ದೇವತೆಗಳಿಗೆ, ಪಿತೃಗಳಿಗೆ ಸಾಲಗಾರ, ಆ ಸಾಲವನ್ನು ಅವನು ಕೇಳಿ ಪಡೆದದ್ದಲ್ಲ, ಕೊಟ್ಟವರಿಗೇ ಹಿಂದಿರುಗಿಸುವುದೂ ಎಲ್ಲ ವೇಳೆ ಸಾಧ್ಯವಿಲ್ಲ, ಪಿತೃಋಣ ತೀರುವುದು ಮುಂದಿನ ಪೀಳಿಗೆಯ ಮೂಲಕವೇ. ಋಣದ ಈ ದಿಕ್ಕು ಹೊಳೆಯ ದಿಕ್ಕಿನಂತೆಯೇ ಇದೆ. ಗುಡ್ಡದವನು ತನ್ನ ಮಣ್ಣನ್ನು ಸೃಷ್ಟಿಸಿದವನಲ್ಲ, ಸಾವಿರಾರು ವರ್ಷಗಳ ಹುಲ್ಲಿನ ಬೇರು ಕಟ್ಟಿಕೊಟ್ಟದ್ದನ್ನು ಪಡೆದವನು. ಪಡೆದದ್ದನ್ನು ಕೊಟ್ಟವರಿಗೆ ಹಿಂದಿರುಗಿಸಲಾರದೆ ಕೆಳಗಿನವರಿಗೆ ಸಲ್ಲಿಸಬೇಕಾದವನು. ಸಹಾಯಧನ, ಪರಿಹಾರ, ಪಾವತಿಗಳು ಬೇಡವೆಂದು ಇದರ ಅರ್ಥವಲ್ಲ, ಬಡ ರೈತನಿಗೆ ಬೇಲಿಯ ಖರ್ಚೂ ಭಾರವೇ. ಆದರೆ ಪಾವತಿಯೊಂದೇ ಆಧಾರವಾದಾಗ ನಿತ್ಯಕರ್ಮ ಕಾಮ್ಯವಾಗಿ ಮಾರ್ಪಡುತ್ತದೆ. ಬೆಲೆ ಬದಲಾದ ದಿನ ಕರ್ತವ್ಯವೂ ಬದಲಾಗುತ್ತದೆ. ಕೂನ್ ಕಣಿವೆಯ ಸೀಮೆಯಲ್ಲಿ ಹೈನುಗಾರಿಕೆಯ ಸಣ್ಣ ಹಿಡುವಳಿಗಳು ಕಡಿಮೆಯಾಗುತ್ತ ಬಂದಂತೆ, ಹುಲ್ಲಿನ ಪಟ್ಟೆಗಳಿದ್ದ ಅನೇಕ ಕಡೆ ಮೆಕ್ಕೆಜೋಳ, ಸೋಯಾ ಬಂದದ್ದು ಇದಕ್ಕೆ ಸಾಕ್ಷಿ.

ಹುಲ್ಲಿಗೆ ಮಿತಿಯಿದೆ ಎಂಬುದನ್ನು ಮರೆಮಾಚಿದರೆ ಈ ವಾದ ಅಪ್ರಾಮಾಣಿಕವಾಗುತ್ತದೆ. ಮಣ್ಣು ಪೂರ್ತಿ ನೆನೆದ ಮೇಲೆ ಬೀಳುವ ಭಾರಿ ಮಳೆಯನ್ನು ಎಂಥ ಗಾವಲೂ ತಡೆಯಲಾರದು. 1954ರ ಸಣ್ಣ ಜಲಾನಯನಗಳ ಕಾಯಿದೆಯಡಿ ಅಮೆರಿಕದಾದ್ಯಂತ ಕಟ್ಟಿದ ಸಾವಿರಾರು ಚಿಕ್ಕ ಒಡ್ಡುಗಳಿಗೂ ಇದೇ ಮಿತಿ: 2018ರ ಆಗಸ್ಟ್ ಕೊನೆಯ ಮಳೆಯಲ್ಲಿ ಕೂನ್ ಕ್ರೀಕ್ ಮತ್ತು ಪಕ್ಕದ ಕಿಕಪೂ ನದಿಯ ಪಶ್ಚಿಮ ಕವಲಿನ ಜಲಾನಯನಗಳಲ್ಲಿ ಇಂಥ ಐದು ಒಡ್ಡುಗಳು ಒಡೆದವು. ಆದರೆ ಕರ್ತವ್ಯವು ಪೂರ್ಣ ಫಲದ ಭರವಸೆಯ ಮೇಲೆ ನಿಂತಿಲ್ಲವಾದ್ದರಿಂದ ಈ ಮಿತಿಯಿಂದ ಅದು ರದ್ದಾಗುವುದಿಲ್ಲ. ಆ ನೆರೆಯ ನಂತರ ಕಣಿವೆಯ ರೈತರೂ ನಿವಾಸಿಗಳೂ ಸೇರಿ ಜಲಾನಯನದ ಹೆಸರಿನಲ್ಲಿಯೇ ಮಂಡಳಿಯೊಂದನ್ನು ಕಟ್ಟಿಕೊಂಡರು. ಸರ್ಕಾರದ ಕರಾರಿಗೆ ಸಹಿ ಹಾಕುವುದಕ್ಕಿಂತ ಇದು ಭಿನ್ನವಾದ, ಲಿಯೊಪೋಲ್ಡ್ ಕಾದು ನಿರಾಶನಾದ ಹೆಜ್ಜೆಗೆ ಹತ್ತಿರವಾದ ನಡೆ.

ಕರ್ನಾಟಕದ ಪರಂಪರೆ ನೀರಿನ ಪುಣ್ಯವನ್ನು ಕೆರೆಯಲ್ಲಿ ಕಂಡಿತು. ಕೆರೆ ಕಟ್ಟಿಸಿದವನನ್ನು ಹೊಗಳುವ, ಅಳಿದವನನ್ನು ಶಪಿಸುವ ಶಾಸನಗಳು ನಾಡಿನ ಉದ್ದಗಲಕ್ಕೂ ಇವೆ. ಆ ಕೆರೆಗೆ ಹೂಳು ಬಾರದಂತೆ ಕಾದ ಮೇಲಣ ಹುಲ್ಲಿಗೆ ಅಂಥ ಕೀರ್ತಿ ದೊರೆತದ್ದು ವಿರಳ. ಮಲೆನಾಡಿನ ಬೇಣ, ಕೊಡಗಿನ ಬಾಣೆ, ಬಯಲುಸೀಮೆಯ ಅಮೃತಮಹಲ್ ಕಾವಲು ಮತ್ತು ಗೋಮಾಳ ಎಲ್ಲವೂ ಮೇವಿನ ನೆಲವಾಗಿ, ಸೊಪ್ಪಿನ ನೆಲವಾಗಿ ದಾಖಲಾದವು, ನೀರಿನ ನೆಲವಾಗಿ ದಾಖಲಾಗಲಿಲ್ಲ. ಊರಿನ ಸುತ್ತ ನೂರು ಧನುಸ್ಸುಗಳಷ್ಟು ನೆಲವನ್ನು ಮೇವಿಗೆ ಬಿಡಬೇಕೆಂದ ಮನುಸ್ಮೃತಿಗೂ ಕಣ್ಣಿದ್ದದ್ದು ದನದ ಮೇಲೆಯೇ. ಇಂದಿನ ಭೂಕಂದಾಯ ನಿಯಮಗಳೂ ಆ ಜಾಡಿನಲ್ಲಿಯೇ ನಡೆದು, ನೂರು ದನಗಳಿಗೆ 30 ಎಕರೆಯ ಪ್ರಮಾಣದಲ್ಲಿ ಗೋಮಾಳವನ್ನು ಅಳೆಯುತ್ತವೆ. ಊರಿನಲ್ಲಿ ದನ ಕಡಿಮೆಯಾದಾಗ ಮಿಕ್ಕ ಗೋಮಾಳ ಹೆಚ್ಚುವರಿಯಾಗಿ ಕಾಣುವುದು, ಮಂಜೂರಾತಿಗೆ ಅರ್ಹವಾಗುವುದು ಈ ಅಳತೆಯಿಂದಲೇ. ಆ ಗುಡ್ಡದ ನೀರು ಯಾವ ಹಳ್ಳಕ್ಕೆ ಇಳಿಯುತ್ತದೆ, ಯಾವ ಕೆರೆಯನ್ನು ತುಂಬುತ್ತದೆ, ಯಾವ ಊರಿನ ಮನೆಗಳು ಅದರ ದಾರಿಯಲ್ಲಿವೆ ಎಂಬುದು ಈ ಲೆಕ್ಕದೊಳಗೆ ಬರುವುದಿಲ್ಲ. ಗೋಮಾಳವನ್ನು ಬೇರೆ ಬಳಕೆಗೆ ಕೊಡುವ ಮುನ್ನ ಮೇಲಿನ ಊರಿನ ದನಗಳನ್ನು ಎಣಿಸುವಂತೆಯೇ ಕೆಳಗಿನ ಊರಿನವರನ್ನು ಕರೆದು ಕೇಳುವುದು ನಿಯಮವಾಗಬೇಕು.